ಕಳೆದ ವರ್ಷ ಘಾಟಿಯಲ್ಲಿ ಬ್ರೇಕ್ ಮೆತ್ತಗಾಯಿತು, ಈ ಸಲ ಆಗುಂಬೆ ಇಳಿಯಬಹುದೇ?

ಪ್ರಶ್ನೆ: ಸರ್, ನನ್ನ ತವರು ತೀರ್ಥಹಳ್ಳಿ. ಆಗಸ್ಟ್‌ನಲ್ಲಿ ಮೂರು ದಿನ ರಜೆಗೆ ಬರುತ್ತಿದ್ದೇವೆ. ನಾನು, ಯಜಮಾನರು, 67 ವರ್ಷದ ಅತ್ತೆ, 11 ಮತ್ತು 6 ವರ್ಷದ ಇಬ್ಬರು ಮಕ್ಕಳು. ಕಾರು ನಾಲ್ಕು ವರ್ಷ ಹಳೆಯ ಪೆಟ್ರೋಲ್ ಎಎಂಟಿ (ಕ್ಲಚ್ ಪೆಡಲ್ ಇಲ್ಲದ, ಗೇರ್ ತಾನೇ ಬದಲಾಗುವ) ಹ್ಯಾಚ್‌ಬ್ಯಾಕ್, 38,000 ಕಿ.ಮೀ. ಓಡಿದೆ. ಓಡಿಸುವುದು ಹೆಚ್ಚಾಗಿ ನಾನೇ. ಒಂದು ದಿನ ಬೆಳಿಗ್ಗೆ ಆರಕ್ಕೆ ಹೊರಟು ಜೋಗಿಗುಂಡಿ, ಒನಕೆ ಅಬ್ಬಿ ಜಲಪಾತಗಳನ್ನು ನೋಡಿ, ಆಗುಂಬೆ ಘಾಟಿ ಇಳಿದು ಕೂಡ್ಲು ತೀರ್ಥ ಜಲಪಾತಕ್ಕೆ ಹೋಗಿ, ಮತ್ತೆ ಘಾಟಿ ಹತ್ತಿ ಶೃಂಗೇರಿ ಕಡೆಯ ಸಿರಿಮನೆ ಜಲಪಾತ ನೋಡಿ, ಸಂಜೆ ಆಗುಂಬೆಯ ಸೂರ್ಯಾಸ್ತಕ್ಕೆ ವಾಪಸ್ ಬರುವ ಪ್ಲಾನ್ ಇದೆ. ಆದರೆ ಹೆದರಿಕೆ. ಕಳೆದ ವರ್ಷ ಇದೇ ಘಾಟಿ ಇಳಿಯುವಾಗ ಮೊದಲು ಸುಟ್ಟ ವಾಸನೆ ಬಂತು, ಆಮೇಲೆ ಬ್ರೇಕ್ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಯಿತು. ನಿಲ್ಲಿಸಿ ಅರ್ಧ ಗಂಟೆ ಕಾದೆವು, ಸರಿಯಾಯಿತು. ಗ್ಯಾರೇಜಿನಲ್ಲಿ ತೋರಿಸಿದರೆ ಏನೂ ಆಗಿಲ್ಲ ಅಂದರು. ಈಗ ಯಜಮಾನರು ನ್ಯೂಟ್ರಲ್‌ನಲ್ಲಿ ಇಳಿಸು, ಪೆಟ್ರೋಲೂ ಉಳಿಯುತ್ತೆ ಅನ್ನುತ್ತಾರೆ. ಚಿಕ್ಕಪ್ಪ ಘಾಟಿಯಲ್ಲಿ ಎ.ಸಿ. ಹಾಕಲೇಬಾರದು ಅನ್ನುತ್ತಾರೆ. ಮಾವ ಮಳೆಯಲ್ಲಿ ಟೈರಿನ ಗಾಳಿ ಕಡಿಮೆ ಮಾಡು ಅಂತಾರೆ. ಯಾರ ಮಾತು ಕೇಳಲಿ? ಹೋಗಬಹುದಾ, ಬೇಡವಾ?

ಉತ್ತರ: ಮೊದಲು ಒಂದು ಮಾತು. ಪೆಡಲ್ ಮೆತ್ತಗಾದ ಕೂಡಲೇ ನಿಲ್ಲಿಸಿ ಕಾದಿರಲ್ಲ, ಅವತ್ತು ನಿಮ್ಮ ಮನೆಯವರನ್ನೆಲ್ಲ ಕಾಪಾಡಿದ್ದು ಅದೇ. "ಇನ್ನೇನು ನಾಲ್ಕು ತಿರುವು, ಇಳಿದುಬಿಡೋಣ" ಅಂತ ಹೋದವರ ಗಾಡಿಗಳನ್ನು ಎತ್ತಲು ನಾನು ಹಗ್ಗ ಹಿಡಿದು ಹೋಗಿದ್ದೇನೆ. ಇಪ್ಪತ್ತೆರಡು ವರ್ಷ ಈ ಭಾಗದಲ್ಲಿ ಟೂರಿಸ್ಟ್ ಗಾಡಿ ಓಡಿಸಿದವನು ನಾನು, ಈಗ ಡ್ರೈವಿಂಗ್ ಕಲಿಸುತ್ತೇನೆ. ಹಾಗಾಗಿ ಪುಸ್ತಕದ ಮಾತಿಗಿಂತ ಕೈಕಾಲಿಗೆ ಗೊತ್ತಿರುವುದನ್ನೇ ಜಾಸ್ತಿ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಎರಡು ಹೆದರಿಕೆ ಒಂದರೊಳಗೊಂದು ಸೇರಿಕೊಂಡಿವೆ. ಒಂದು, ಕಾರಿನಲ್ಲಿ ಏನೋ ದೋಷ ಉಳಿದಿದೆಯೇ ಅನ್ನುವುದು. ಇನ್ನೊಂದು, ಘಾಟಿ ಇಳಿಸಲು ನಿಮಗೆ ಬರುತ್ತದೆಯೇ ಅನ್ನುವುದು. ಎರಡಕ್ಕೂ ಉತ್ತರ ಇದೆ. ನನಗೆ ನಿಜವಾಗಿ ಭಯವಾಗಿದ್ದು ಮೂರನೆಯದಕ್ಕೆ, ಅದನ್ನು ನೀವು ಕೇಳಿಯೇ ಇಲ್ಲ. ಒಂದು ದಿನಕ್ಕೆ ಐದು ಜಾಗ! ಅದಕ್ಕೆ ಆಮೇಲೆ ಬರುತ್ತೇನೆ.

ಕಳೆದ ವರ್ಷ ಆಗಿದ್ದು ಏನು ನೋಡೋಣ. ಆಗುಂಬೆಯಿಂದ ಘಾಟಿಯ ಬುಡದ ಸೋಮೇಶ್ವರಕ್ಕೆ ರಸ್ತೆ ಸುಮಾರು ಹತ್ತು ಕಿ.ಮೀ. ಅಷ್ಟರಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವು, ಇಳಿಯುವ ಎತ್ತರ ಐನೂರು ಮೀಟರಿನ ಆಸುಪಾಸು. ಐದು ಜನ, ಲಗೇಜು ಎಲ್ಲ ಸೇರಿ ನಿಮ್ಮ ಕಾರು ಸಾವಿರದ ಇನ್ನೂರು ಕಿಲೋ ದಾಟುತ್ತದೆ. ಅಷ್ಟು ಭಾರ ಅಷ್ಟು ಎತ್ತರದಿಂದ ಇಳಿದಾಗ ಅದರ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಲೆಕ್ಕ ಹಾಕಿದರೆ 18 ಲೀಟರ್ ತಣ್ಣೀರನ್ನು ಕುದಿಯುವ ತನಕ ಕಾಯಿಸುವಷ್ಟು ಬಿಸಿ ಅದು. ಅಂದರೆ ಒಂದು ಕೊಡ ನೀರು! ಗಾಳಿ, ಟೈರು ಅಂತ ಒಂದಿಷ್ಟು ಕಳೆದುಹೋಗುತ್ತದೆ, ಸರಿ. ಉಳಿದದ್ದನ್ನು ಇಂಜಿನ್‌ಗೆ ಕೊಡಬಹುದು, ಇಲ್ಲವಾದರೆ ಚಕ್ರದ ಡಿಸ್ಕ್ ತಟ್ಟೆಯನ್ನು ಒತ್ತಿ ಹಿಡಿಯುವ ಅಂಗೈ ಅಗಲದ ಬ್ರೇಕ್ ಪ್ಯಾಡುಗಳು ತಿನ್ನಬೇಕು. ನೀವು ಗೇರನ್ನು ಡಿ (ಗೇರ್ ತಾನೇ ಬದಲಾಗುವ ಸ್ಥಾನ) ಮೇಲೇ ಬಿಟ್ಟು, ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದಿರಬೇಕು. ಎಎಂಟಿ ಗಾಡಿಯವರು ನೂರಕ್ಕೆ ತೊಂಬತ್ತು ಜನ ಹಾಗೇ ಮಾಡುವುದು. ಹಾಗಾಗಿ ಬೆನ್ನ ಹಿಂದೆ ಬಚ್ಚಲೊಲೆಗೆ ಬೆಂಕಿ ಹಾಕಿದ ಹಾಗಾಯಿತು.

ಸುಟ್ಟ ವಾಸನೆ ಬಂದಿದ್ದು ಪ್ಯಾಡಿನಿಂದ. ಅದೊಂದೇ ಆಗಿದ್ದರೆ ಅಷ್ಟು ಗಾಬರಿ ಬೇಡ, ನಿಲ್ಲಿಸಿ ಬ್ರೇಕ್ ಆರಲು ಬಿಡಿ ಅನ್ನುವ ಎಚ್ಚರಿಕೆ ಅಷ್ಟೇ. ಪೆಡಲ್ ಮೆತ್ತಗಾಗಿದ್ದು ಮಾತ್ರ ಬೇರೆ ಕಥೆ. ಪೆಡಲಿನಿಂದ ಚಕ್ರದವರೆಗೆ ಪೈಪಿನಲ್ಲಿ ಬ್ರೇಕ್ ಆಯಿಲ್ ಇರುತ್ತದೆ, ನೀವು ಒತ್ತಿದ ಬಲವನ್ನು ಅಲ್ಲಿಗೆ ಮುಟ್ಟಿಸುವುದು ಅದೇ. ಈ ಆಯಿಲ್‌ಗೆ ಒಂದು ಕೆಟ್ಟ ಗುಣ ಇದೆ. ಮಳೆಗಾಲದ ಹಪ್ಪಳದ ಹಾಗೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ಅಂತ ಬರುವ ಆಯಿಲ್ ಹೊಸದಿದ್ದಾಗ ಕುದಿಯಬೇಕಾದರೆ ಕನಿಷ್ಠ 230 ಡಿಗ್ರಿ ಬಿಸಿ ಬೇಕು. ತೇವ ಹೀರಿ ಹಳೆಯದಾದ ಮೇಲೆ ಅದೇ ಆಯಿಲ್ 155 ಡಿಗ್ರಿಯ ಸುಮಾರಿಗೇ ಕುದಿಯಬಹುದು. ಡಾಟ್ 3 ಆದರೆ ಇನ್ನೂ ಕಡಿಮೆ, 205 ಇದ್ದದ್ದು 140ಕ್ಕೆ ಇಳಿಯುತ್ತದೆ. ಕುದಿದರೆ ಆವಿಯ ಗುಳ್ಳೆ ಏಳುತ್ತದೆ. ಎಣ್ಣೆಯನ್ನು ಒತ್ತಿದರೆ ಕುಗ್ಗುವುದಿಲ್ಲ, ಗುಳ್ಳೆಯನ್ನು ಒತ್ತಿದರೆ ಕುಗ್ಗುತ್ತದೆ. ನಿಮ್ಮ ಕಾಲಿಗೆ ಸಿಕ್ಕ ಸ್ಪಂಜು ಅದೇ. ಅರ್ಧ ಗಂಟೆಯಲ್ಲಿ ಆರಿತು, ಗುಳ್ಳೆ ಮತ್ತೆ ಎಣ್ಣೆಯಾಯಿತು, ಪೆಡಲ್ ಗಟ್ಟಿಯಾಯಿತು.

ಗ್ಯಾರೇಜಿನವರು ಏನೂ ಆಗಿಲ್ಲ ಅಂದಿದ್ದರಲ್ಲಿ ಸುಳ್ಳಿಲ್ಲ. ತಣ್ಣಗಿರುವ ಗಾಡಿಯನ್ನು ಪೇಟೆ ರಸ್ತೆಯಲ್ಲಿ ಒಂದು ಸುತ್ತು ಓಡಿಸಿದರೆ ಏನೂ ಕಾಣುವುದಿಲ್ಲ. ಆದರೆ ನಾಲ್ಕು ವರ್ಷದಲ್ಲಿ ಒಮ್ಮೆಯೂ ಬ್ರೇಕ್ ಆಯಿಲ್ ಬದಲಿಸಿಲ್ಲ ಅಂತಾದರೆ (ಸರ್ವಿಸ್ ಬಿಲ್ಲು ತೆಗೆದು ನೋಡಿ, "ಟಾಪ್ ಅಪ್" ಅಂತ ಬರೆದಿದ್ದರೆ ಅದು ಬದಲಿಸಿದ ಲೆಕ್ಕವಲ್ಲ) ಕಾರಣ ಅಲ್ಲೇ ಇದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ, ಗಾಳಿ ತೆಗೆದು ಹೊಸದು ತುಂಬಿಸಬೇಕು. ಯಾವ ಡಾಟ್ ಅಂತ ಆಯಿಲ್ ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ. ಜೊತೆಗೆ ಮುಂದಿನ ಚಕ್ರ ಬಿಚ್ಚಿಸಿ ಪ್ಯಾಡ್ ನೋಡಿಸಿ. ಹಾಗೆ ಕಾದ ಪ್ಯಾಡಿನ ಮುಖ ಕೆಲವು ಸಲ ಗಾಜಿನ ಹಾಗೆ ನುಣುಪಾಗಿಬಿಡುತ್ತದೆ. ದಪ್ಪ ಎಷ್ಟೇ ಇದ್ದರೂ ಆಗ ಅದು ಹಿಡಿಯುವುದಿಲ್ಲ. ಹಿಂದಿನ ಚಕ್ರದ ಬ್ರೇಕ್ ಡ್ರಮ್ ಕೂಡ ಬಿಚ್ಚಿಸಿ ನೋಡಿಸಿ. ಇಷ್ಟು ಮಾಡಿಸದೆ ಘಾಟಿ ಕಡೆ ತಲೆ ಹಾಕಬೇಡಿ. ಮಾಡಿಸಿದ ಮೇಲೆ ಕಾರಿನ ಬಗ್ಗೆ ಚಿಂತೆ ಬಿಡಿ.

ಇನ್ನು ಯಜಮಾನರ ನ್ಯೂಟ್ರಲ್. ಅವರನ್ನು ಬೈಯಲು ನನಗೆ ಬಾಯಿಲ್ಲ, ಯಾಕೆಂದರೆ ನಾನೂ ಅದನ್ನೇ ಮಾಡಿದವನು. ಹೊಸದಾಗಿ ಡ್ರೈವರ್ ಆಗಿದ್ದಾಗ ಗಾಡಿ ಮಾಲೀಕರು ಡೀಸೆಲ್ ಅಳತೆ ಮಾಡಿ ಕೊಡುತ್ತಿದ್ದರು, ಉಳಿದರೆ ನಮಗೆ ಲಾಭ. ಒಂದು ಮದುವೆ ದಿಬ್ಬಣದ ವ್ಯಾನನ್ನು ನ್ಯೂಟ್ರಲ್ ಮಾಡಿ ಇದೇ ಘಾಟಿಯಲ್ಲಿ ಬಿಟ್ಟೆ. ಐದನೆಯದೋ ಆರನೆಯದೋ ತಿರುವಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ಗೇರ್ ಹಾಕಲು ಹೋದರೆ ವೇಗ ಜಾಸ್ತಿಯಾಗಿ ಗೇರೂ ಕೂರಲಿಲ್ಲ. ಗುಡ್ಡದ ಕಡೆಯ ಚರಂಡಿಗೆ ಚಕ್ರ ಇಳಿಸಿ, ಬಾಗಿಲನ್ನು ಧರೆಗೆ (ಗುಡ್ಡ ಕಡಿದ ಮಣ್ಣಿನ ಗೋಡೆಗೆ) ಉಜ್ಜಿ ನಿಲ್ಲಿಸಿದೆ. ಹಿಂದೆ ಕೂತಿದ್ದ ಹೆಣ್ಣಿನ ಸೋದರಮಾವ ಕೆಳಗಿಳಿದು ಒಂದು ಮಾತೂ ಆಡಲಿಲ್ಲ, ನನ್ನ ಮುಖವನ್ನೇ ನೋಡಿದರು. ಆ ನೋಟ ಇವತ್ತಿಗೂ ಮರೆತಿಲ್ಲ.

ಪೆಟ್ರೋಲ್ ಉಳಿಯುತ್ತದೆ ಅನ್ನುವುದು ಹಳೇ ಕಾರ್ಬುರೇಟರ್ ಕಾಲದ ಮಾತು. ಈಗಿನ ಗಾಡಿಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಕಂಪ್ಯೂಟರೇ ಪೆಟ್ರೋಲ್ ನಿಲ್ಲಿಸಿಬಿಡುತ್ತದೆ. ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತಿರುತ್ತವೆ. ನ್ಯೂಟ್ರಲ್ ಮಾಡಿದಿರೋ, ಇಂಜಿನ್ ಆರಬಾರದು ಅಂತ ಒಂದಿಷ್ಟು ಪೆಟ್ರೋಲ್ ಸುಡಲೇಬೇಕು. ಅಂದರೆ ನ್ಯೂಟ್ರಲ್‌ನಲ್ಲಿ ಇಳಿದರೆ ಪೆಟ್ರೋಲೂ ಹೋಯಿತು, ಬ್ರೇಕೂ ಹೋಯಿತು. ಇಂಜಿನ್ ಆಫ್ ಮಾಡಿ ಇಳಿಯುವ ಮಹಾನುಭಾವರೂ ಇದ್ದಾರೆ. ಆಫ್ ಆದ ಗಾಡಿಯಲ್ಲಿ ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ. ಅದರ ಬಗ್ಗೆ ಇಷ್ಟು ಸಾಕು.

ನಿಮ್ಮ ಎಎಂಟಿಯಲ್ಲಿ ಮಾಡಬೇಕಾದದ್ದು ಇಷ್ಟೇ. ಘಾಟಿ ಶುರುವಾಗುವ ಮೊದಲು, ಆಗುಂಬೆ ಚೆಕ್‌ಪೋಸ್ಟ್ ಹತ್ತಿರವೇ, ಗೇರ್ ಲಿವರನ್ನು ಎಂ (ಗೇರನ್ನು ನಾವೇ ಬದಲಿಸುವ ಸ್ಥಾನ) ಕಡೆಗೆ ತಳ್ಳಿ. ಮೀಟರಿನಲ್ಲಿ 2 ಅಂತ ಬರುವ ತನಕ ಇಳಿಸಿ. ಅಷ್ಟರ ಮೇಲೆ ಕಾಲು ತೆಗೆದರೆ ಗಾಡಿ ತಾನೇ ಗುರ್ರ್ ಅನ್ನುತ್ತ ನಿಧಾನಕ್ಕೆ ಇಳಿಯುತ್ತದೆ. ಆ ಸದ್ದಿಗೆ ಹೆದರಿ ಎಷ್ಟೋ ಜನ ವಾಪಸ್ ಡಿಗೆ ಹಾಕುತ್ತಾರೆ. ಇಂಜಿನ್ ಮೂರು ಸಾವಿರ, ಮೂರೂವರೆ ಸಾವಿರ ಸುತ್ತು ತಿರುಗಿದರೆ ಏನೂ ಆಗುವುದಿಲ್ಲ, ಅದು ಅದರ ಕೆಲಸ. ಹೇರ್‌ಪಿನ್ ಬರುವ ಮೊದಲು, ನೇರ ರಸ್ತೆಯಲ್ಲೇ, ಬ್ರೇಕನ್ನು ಗಟ್ಟಿಯಾಗಿ ಒಮ್ಮೆ ಒತ್ತಿ ವೇಗ ಇಳಿಸಿ ಬಿಟ್ಟುಬಿಡಿ. ತುಂಬಾ ಕಡಿದಾದ ತಿರುವಿಗೆ 1ನೇ ಗೇರ್. ಮೆತ್ತಗೆ ಒತ್ತಿಕೊಂಡೇ ಇರುವುದು ಬೇಡ. ಒತ್ತಿ ಬಿಟ್ಟರೆ ನಡುವೆ ಡಿಸ್ಕ್‌ಗೆ ಉಸಿರಾಡಲು ಹೊತ್ತು ಸಿಗುತ್ತದೆ. ಹಿಂದೆ ಬಂದವನು ಹಾರ್ನ್ ಹೊಡೆದರೆ ಅಗಲ ಇರುವ ಕಡೆ ಬಿಟ್ಟುಕೊಡಿ, ಅವನಿಗೆ ಏನೋ ಅವಸರ ಇರಬಹುದು, ನಿಮಗಿಲ್ಲ ಅಲ್ವಾ?

ಹತ್ತುವಾಗ ಎಎಂಟಿಗೆ ಬೇರೆ ಕಾಯಿಲೆ. ಮುಂದೆ ಬಸ್ ಸಿಕ್ಕಿಕೊಂಡು ಏರಿನಲ್ಲಿ ನಿಲ್ಲಬೇಕಾದಾಗ ಆಕ್ಸಿಲರೇಟರನ್ನು ಚೂರು ಚೂರೇ ಒತ್ತಿ ಗಾಡಿಯನ್ನು ಅಲ್ಲೇ ಹಿಡಿದಿಟ್ಟರೆ ಕ್ಲಚ್ ಸುಡುತ್ತದೆ. ಒಳಗಿರುವುದು ಮಾಮೂಲಿ ಕ್ಲಚ್ಚೇ, ಒತ್ತುವ ಕಾಲು ಮಾತ್ರ ಮಷೀನಿನದು. ನಿಂತರೆ ಹ್ಯಾಂಡ್‌ಬ್ರೇಕ್ ಎಳೆಯಿರಿ. ಮುಂದಿನ ಗಾಡಿಗೆ ಅಂಟಿಕೊಂಡು ನಿಲ್ಲಬೇಡಿ, ಅದು ಒಂದು ಮಾರು ಹಿಂದೆ ಜಾರಿಯೇ ಹೊರಡುತ್ತದೆ.

ಚಿಕ್ಕಪ್ಪನ ಎ.ಸಿ. ಮಾತಿನಲ್ಲಿ ಅರ್ಧ ಸತ್ಯ ಇದೆ. ಸಣ್ಣ ಇಂಜಿನ್, ತುಂಬಿದ ಗಾಡಿ, ಕಡಿದಾದ ಏರು, ಇಂಥ ಕಡೆ ಎರಡು ನಿಮಿಷ ಆಫ್ ಮಾಡಿದರೆ ಎಳೆತ ಸ್ವಲ್ಪ ಹೆಚ್ಚುತ್ತದೆ. ಆದರೆ ಆಗಸ್ಟ್ ತಿಂಗಳ ಆಗುಂಬೆಯಲ್ಲಿ ಎ.ಸಿ. ಇರುವುದು ತಂಪಿಗಲ್ಲ. ಐದು ಜನರ ಉಸಿರು, ಒದ್ದೆ ಬಟ್ಟೆ, ಮುಚ್ಚಿದ ಕಿಟಕಿ. ಐದೇ ನಿಮಿಷದಲ್ಲಿ ಒಳಗಿನ ಗಾಜು ಬೆಳ್ಳಗಾಗಿ ಮುಂದಿನದು ಏನೂ ಕಾಣದು. ಎ.ಸಿ. ಹಾಕಿ, ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ, ಹೊರಗಿನ ಗಾಳಿ ಒಳಗೆ ಬರುವ ಬಟನ್ ಒತ್ತಿ. ಕರವಸ್ತ್ರದಲ್ಲಿ ಒರೆಸುತ್ತ ಒಂದೇ ಕೈಯಲ್ಲಿ ತಿರುವು ತೆಗೆಯುವುದಕ್ಕಿಂತ ಇದು ವಾಸಿ.

ಮಾವನವರ ಟೈರಿನ ಮಾತು ಪೂರ್ತಿ ತಪ್ಪು, ಬೇಸರ ಮಾಡಿಕೊಳ್ಳಬಾರದು. ಗಾಳಿ ಕಡಿಮೆ ಮಾಡುವುದು ಮರಳಿನಲ್ಲಿ ಹೂತ ಗಾಡಿಗೆ. ನೀರು ನಿಂತ ಡಾಂಬರಿನ ಮೇಲೆ ಗಾಳಿ ಕಡಿಮೆಯಾದರೆ ಟೈರಿನ ಗೀರುಗಳು ಮುಚ್ಚಿಕೊಂಡು ನೀರು ಹೊರಗೆ ಹೋಗಲು ದಾರಿ ಸಿಗುವುದಿಲ್ಲ, ಟೈರು ನೀರಿನ ಮೇಲೆ ತೇಲುತ್ತದೆ. ಡ್ರೈವರ್ ಬಾಗಿಲಿನ ಹತ್ತಿರ ಒಂದು ಸ್ಟಿಕ್ಕರ್ ಇರುತ್ತದೆ. ಅದರಲ್ಲಿ ಐದು ಜನ, ಲಗೇಜಿನ ಚಿತ್ರದ ಮುಂದೆ ಬರೆದಿರುವಷ್ಟು ಗಾಳಿ ಹಾಕಿಸಿ. ಗೀರಿನ ಆಳ ಕಾನೂನಿನ ಪ್ರಕಾರ 1.6 ಮಿ.ಮೀ.ಗಿಂತ ಕಡಿಮೆ ಇರಬಾರದು. ನನ್ನ ಲೆಕ್ಕದಲ್ಲಿ ಮಲೆನಾಡಿನ ಮಳೆಗೆ ಅದು ಏನೇನೂ ಸಾಲದು, 3 ಮಿ.ಮೀ.ಗೆ ಇಳಿದರೆ ಬದಲಿಸಿಬಿಡಿ.

ಈಗ ಆ ಐದು ಜಾಗಕ್ಕೆ ಬರೋಣ. ಮ್ಯಾಪಿನಲ್ಲಿ ನೋಡಿದರೆ ಎಲ್ಲವೂ ಹತ್ತಿರ ಹತ್ತಿರ. ಆದರೆ ಘಾಟಿಯಲ್ಲಿ ಗಂಟೆಗೆ ಇಪ್ಪತ್ತು, ಇಪ್ಪತ್ತೈದು ಕಿ.ಮೀ.ಗಿಂತ ಜಾಸ್ತಿ ಆಗುವುದಿಲ್ಲ, ಆಗಲೂಬಾರದು. ಮಂಜು ಕವಿದರೆ ಅದರ ಅರ್ಧ. ಗಾಡಿ ನಿಲ್ಲಿಸಿ ನಡೆಯುವುದು, ಮಕ್ಕಳ ಚಪ್ಪಲಿ ಹುಡುಕುವುದು, ಅತ್ತೆಯವರಿಗೆ ಕೈ ಹಿಡಿದು ಮೆಟ್ಟಿಲು ಇಳಿಸುವುದು, ಕಾಲಿಗೆ ಹತ್ತಿದ ಇಂಬಳ (ಜಿಗಣೆ) ಕೀಳುವುದು, ಇವನ್ನೆಲ್ಲ ಯಾವ ಮ್ಯಾಪ್ ಲೆಕ್ಕ ಹಾಕುತ್ತದೆ? ಮಧ್ಯಾಹ್ನ ಎರಡಕ್ಕೇ ನೀವು ಎರಡು ಗಂಟೆ ಹಿಂದೆ ಬಿದ್ದಿರುತ್ತೀರಿ. ಆಮೇಲೆ ಶುರುವಾಗುತ್ತದೆ ಓಟ. ಕಳೆದ ವರ್ಷ ಬ್ರೇಕ್ ಕಾದ ದಿನ ನೀವು ಘಾಟಿ ಇಳಿಯುತ್ತಿದ್ದದ್ದು ಎಷ್ಟು ಹೊತ್ತಿಗೆ, ಯಾಕೆ ಅವಸರ ಇತ್ತು, ನೆನಪು ಮಾಡಿಕೊಳ್ಳಿ. ಬ್ರೇಕ್ ಕಾಯುವುದು ಬಹುತೇಕ ಸಲ ಪ್ಲಾನಿನ ದೆಸೆಯಿಂದ.

ಅದೂ ಅಲ್ಲದೆ, ನಿಮ್ಮ ಪಟ್ಟಿಯ ಎಲ್ಲ ಜಾಗಗಳೂ ಆಗಸ್ಟ್‌ನಲ್ಲಿ ತೆರೆದಿರುತ್ತವೆ ಅಂತ ಇಲ್ಲ. ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ, ಅದರಲ್ಲಿ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಒನಕೆ ಅಬ್ಬಿ, ಕೂಡ್ಲು ತೀರ್ಥ ಎರಡೂ ಕಾಡಿನೊಳಗೆ ನಡೆದು ಹೋಗುವ ಜಾಗಗಳು. ಮಳೆ ಜೋರಾದರೆ ಅರಣ್ಯ ಇಲಾಖೆಯವರು ಬಿಡುವುದಿಲ್ಲ. ಬಿಡದಿದ್ದರೆ ಸಿಟ್ಟಾಗಬೇಡಿ, "ಪಕ್ಕದಿಂದ ದಾರಿ ಇದೆ, ನಾನು ತೋರಿಸುತ್ತೇನೆ" ಅನ್ನುವವರ ಹಿಂದೆ ಹೋಗಲೂಬೇಡಿ. ಹೋಗುವ ಹಿಂದಿನ ದಿನ ತವರಿನವರಿಂದ ಅರಣ್ಯ ಇಲಾಖೆಗೆ ಒಂದು ಫೋನ್ ಮಾಡಿಸಿದರೆ ಸುಮ್ನೆ ಓಡಾಟ ತಪ್ಪುತ್ತದೆ. ಮಳೆ ಜೋರಾಗಿ ಧರೆ ಕುಸಿದರೆ ಘಾಟಿಯನ್ನೇ ಮುಚ್ಚುತ್ತಾರೆ. ಆಗ ಕೆಳಗಿಳಿದವರು ಹುಲಿಕಲ್ ಘಾಟಿ ಸುತ್ತಿಕೊಂಡು ಬರಬೇಕು, ಅದೇನೂ ಆಟದ ರಸ್ತೆಯಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಘಾಟಿ ಇಳಿಯುವುದನ್ನೇ ಬಿಡುತ್ತಿದ್ದೆ. ನಿಮಗೆ ಓಡಿಸಲು ಬರುವುದಿಲ್ಲ ಅಂತಲ್ಲ, ನಿಮಗೆ ಬೇಕಾದ ಜಲಪಾತ ಮೇಲೇ ಇದೆ, ಅದಕ್ಕೆ. ತೀರ್ಥಹಳ್ಳಿಯಿಂದ ಏಳಕ್ಕೆ ಹೊರಡಿ, ಆಗುಂಬೆಯಲ್ಲಿ ತಿಂಡಿ, ಅರಣ್ಯ ಇಲಾಖೆಯವರು ಬಿಟ್ಟರೆ ಜೋಗಿಗುಂಡಿಯನ್ನು ದೂರದಿಂದ ನೋಡಿ. ಅಲ್ಲಿಂದ ಶೃಂಗೇರಿ ಮೂವತ್ತು ಕಿ.ಮೀ. ಒಳಗೆ. ತಿರುವು ಇದ್ದರೂ ಘಾಟಿಯ ಇಳಿಜಾರಿಲ್ಲ. ಶೃಂಗೇರಿಯಿಂದ ಕಿಗ್ಗ ಹತ್ತು ಕಿ.ಮೀ., ಅಲ್ಲಿಂದ ಸಿರಿಮನೆ ಇನ್ನೊಂದು ಐದು. ಕೊನೆಯ ತುಂಡು ರಸ್ತೆ ಕಿರಿದು, ಎದುರಿಗೆ ಜೀಪು ಬಂದರೆ ಯಾರಾದರೊಬ್ಬರು ಹಿಂದೆ ಹೋಗಬೇಕು. ಏರು ರಸ್ತೆ ಕಿರಿದಾಗಿದ್ದರೆ ಹತ್ತುವವರಿಗೆ ಮೊದಲು ದಾರಿ, ಇದು ಕಾನೂನು. ಸಿರಿಮನೆಯಲ್ಲಿ ಮೆಟ್ಟಿಲು ಇವೆ, ಆದರೆ ಮಳೆಯಲ್ಲಿ ಪಾಚಿ ಕಟ್ಟಿ ಜಾರುತ್ತವೆ. ಅತ್ತೆಯವರ ಮಂಡಿ ಹೇಗಿದೆ ಅಂತ ನೀವು ಬರೆದಿಲ್ಲ. ಇಳಿಯಲು ಆಗದಿದ್ದರೆ ಒತ್ತಾಯ ಬೇಡ, ಕಿಗ್ಗದ ಋಷ್ಯಶೃಂಗನ ಗುಡಿಯಲ್ಲಿ ಯಾರಾದರೊಬ್ಬರ ಜೊತೆ ಕೂತಿರಲಿ. ಮಳೆ ಬೇಕಾದವರೂ ಸಾಕಾದವರೂ ಹರಕೆ ಹೊರುವ ದೇವರು ಅದು, ಆಗಸ್ಟ್‌ನಲ್ಲಿ ಎರಡನೇ ತರದವರೇ ಜಾಸ್ತಿ. ಈ ದಾರಿಯಲ್ಲಿ ಅಪಾಯ ಇಲ್ಲ ಅಂತಲ್ಲ. ಮಂಜು ಇದೆ, ಮರ ಬೀಳುತ್ತದೆ, ಮೊಬೈಲ್ ಸಿಗ್ನಲ್ ಹೋಗುತ್ತದೆ. ಮ್ಯಾಪನ್ನು ಮೊದಲೇ ಇಳಿಸಿಕೊಂಡಿರಿ, ಪೆಟ್ರೋಲನ್ನು ತೀರ್ಥಹಳ್ಳಿಯಲ್ಲೇ ತುಂಬಿಸಿ.

ಇಲ್ಲ ಸರ್, ಘಾಟಿಯನ್ನೇ ನೋಡಬೇಕು, ಮಕ್ಕಳಿಗೆ ತೋರಿಸಬೇಕು ಅಂದರೆ ಅದಕ್ಕೂ ದಾರಿ ಇದೆ. ಬೆಳಿಗ್ಗೆಯ ಹೊತ್ತು ನಿಧಾನಕ್ಕೆ ಸೋಮೇಶ್ವರಕ್ಕೆ ಇಳಿದು, ಅರ್ಧ ಗಂಟೆ ಬಿಟ್ಟು ಹತ್ತಿಬಿಡಿ. ಮಳೆಗಾಲದಲ್ಲಿ ದಾರಿ ಬದಿಯಲ್ಲೇ ಎಷ್ಟೋ ಝರಿಗಳು ಧುಮುಕುತ್ತಿರುತ್ತವೆ. ಅವನ್ನು ನೋಡಲು ಮಾತ್ರ ತಿರುವಿನಲ್ಲಿ ಗಾಡಿ ನಿಲ್ಲಿಸಬೇಡಿ, ದಯವಿಟ್ಟು. ಧರೆಯ ಬುಡದಲ್ಲೂ ನಿಲ್ಲಬೇಡಿ. ಅಂದು ಸಿರಿಮನೆ ಬಿಡಬೇಕಾಗುತ್ತದೆ. ಇನ್ನೊಂದು ದಾರಿ, ಆ ದಿನಕ್ಕೆ ಊರಿನ ಡ್ರೈವರ್ ಒಬ್ಬರನ್ನು ಕರೆದುಕೊಳ್ಳುವುದು. ಖರ್ಚು ಸ್ವಲ್ಪ, ನೀವೂ ಕಿಟಕಿಯಿಂದ ಹೊರಗೆ ನೋಡಬಹುದು. ಆದರೆ ಮ್ಯಾನುಯಲ್ ಗಾಡಿ ಓಡಿಸಿ ರೂಢಿ ಇದ್ದವರು ನಿಮ್ಮ ಎಎಂಟಿಯನ್ನು ಡಿಯಲ್ಲೇ ಇಳಿಸಿದರೆ ಮತ್ತೆ ಅದೇ ಕಥೆ, ಮೊದಲೇ ಹೇಳಿಬಿಡಿ. ಮೂರನೆಯದು, ಈ ಸಲ ತವರಿನಲ್ಲಿ ಆರಾಮಾಗಿದ್ದು ಕೂಡ್ಲು, ಒನಕೆ ಅಬ್ಬಿಯನ್ನು ಅಕ್ಟೋಬರ್ ಕೊನೆ, ನವೆಂಬರ್‌ಗೆ ಇಟ್ಟುಕೊಳ್ಳುವುದು. ಮಳೆಯಬ್ಬರ ಇರುವುದಿಲ್ಲ, ನೀರು ಇನ್ನೂ ಚೆನ್ನಾಗಿರುತ್ತದೆ, ತಿಳಿಯಾಗಿಯೂ ಇರುತ್ತದೆ, ಇಂಬಳವೂ ಕಡಿಮೆ. ಆಗಸ್ಟ್‌ನ ಕೆಂಪು ನೀರಿನ ಅಬ್ಬರವೇ ಬೇಕು ಅನ್ನುವವರಿಗೆ ಇದು ಸಪ್ಪೆ ಅನ್ನಿಸಬಹುದು, ಅದು ಅವರವರ ರುಚಿ.

ನೀರಿನ ವಿಷಯ ನೀವು ಕೇಳಿಲ್ಲ, ನಾನು ಹೇಳದೆ ಬಿಡುವುದಿಲ್ಲ. ಇಷ್ಟು ವರ್ಷದಲ್ಲಿ ರಸ್ತೆಗಿಂತ ನೀರಿನ ಹತ್ತಿರ ಆದ ಅನಾಹುತಗಳನ್ನೇ ಜಾಸ್ತಿ ಕೇಳಿದ್ದೇನೆ. ನಮ್ಮ ಹಿರಿಯರು ಹೆಸರಿನಲ್ಲೇ ಹೇಳಿಟ್ಟಿದ್ದಾರೆ. ಜೋಗಿಗುಂಡಿ, ಅರಿಶಿನಗುಂಡಿ. ಗುಂಡಿ ಅಂದರೆ ಗುಂಡಿಯೇ, ಮೇಲಿನಿಂದ ಆಳ ಗೊತ್ತಾಗುವುದಿಲ್ಲ. 2023ರ ಜುಲೈನಲ್ಲಿ ಕೊಲ್ಲೂರು ಹತ್ತಿರದ ಅರಿಶಿನಗುಂಡಿಯಲ್ಲಿ ಬಂಡೆಯ ತುದಿಯಲ್ಲಿ ನಿಂತು ವಿಡಿಯೊ ತೆಗೆಸಿಕೊಳ್ಳುತ್ತಿದ್ದ ಯುವಕನೊಬ್ಬ ಕಾಲು ಜಾರಿ ಹೋದ. ದೇಹ ಸಿಗಲು ವಾರವೇ ಹಿಡಿಯಿತು. 2024ರ ಜೂನ್ 30ರಂದು ಮಹಾರಾಷ್ಟ್ರದ ಲೋನಾವಳದಲ್ಲಿ, ಭುಶಿ ಅಣೆಕಟ್ಟಿನ ಹಿಂದಿನ ಜಲಪಾತದ ನಡುವೆ ನಿಂತಿದ್ದ ಒಂದೇ ಮನೆಯ ಐದು ಜನ ಕೊಚ್ಚಿಹೋದರು. ಅಲ್ಲಿ ಯಾರೂ ಆಳಕ್ಕೆ ಇಳಿದಿರಲಿಲ್ಲ. ನಿಂತಲ್ಲೇ ನೀರು ಏರಿತು.

ಅದು ಹೇಗಾಗುತ್ತದೆ ಅಂದರೆ, ನೀವು ನಿಂತಲ್ಲಿ ಬಿಸಿಲೇ ಇರಬಹುದು, ಮೇಲೆ ನಾಲ್ಕು ಕಿ.ಮೀ. ಆಚೆಯ ಗುಡ್ಡದಲ್ಲಿ ಒಂದು ಮಳೆ ಹೊಡೆದಿರುತ್ತದೆ. ಕಡಿದಾದ ಕಲ್ಲುಗುಡ್ಡ, ನೆಲ ಮೊದಲೇ ನೀರು ಕುಡಿದು ಸಾಕಾಗಿದೆ, ಬಿದ್ದದ್ದೆಲ್ಲ ಹಾಗೇ ಹಳ್ಳಕ್ಕೆ. ತಿಳಿಯಾಗಿದ್ದ ನೀರು ಇದ್ದಕ್ಕಿದ್ದಂತೆ ಕೆಂಪಾಯಿತು, ತರಗೆಲೆ, ಕಡ್ಡಿ ತೇಲಿ ಬಂತು, ಸದ್ದು ದಪ್ಪವಾಯಿತು ಅಂದರೆ ಆ ಕ್ಷಣ ಮೇಲೆ ಹತ್ತಿಬಿಡಿ. ಚಪ್ಪಲಿ, ಬ್ಯಾಗು ಅಲ್ಲೇ ಇರಲಿ. ಮಳೆಗಾಲದಲ್ಲಿ ಮಕ್ಕಳನ್ನು ನೀರಿಗೆ ಇಳಿಸಲೇಬೇಡಿ, ಮೊಣಕಾಲುದ್ದ ಅನ್ನುವ ಲೆಕ್ಕವೂ ಬೇಡ. ಆರು ವರ್ಷದ ಮಗುವಿನ ಕೈ ಒಬ್ಬರು ಹಿಡಿದೇ ಇರಬೇಕು. ಆ ಕೈ ಫೋಟೊ ತೆಗೆಯುವವರದ್ದಾಗಿರಬಾರದು.

ಸಣ್ಣಪುಟ್ಟದ್ದು ಕೆಲವು. ತಿರುವಿನಲ್ಲಿ ವಾಂತಿ ಮಾಡುವ ಮಗು ಇದ್ದರೆ ಬೆಳಿಗ್ಗೆ ಎಣ್ಣೆ ತಿಂಡಿ ಬೇಡ, ಎರಡು ಇಡ್ಲಿ ಸಾಕು. ಮೊಬೈಲ್ ಕೊಡಬೇಡಿ, ದೂರದ ರಸ್ತೆ ನೋಡಲಿ. ವಾಂತಿಗೆ ಮಾತ್ರೆ ಬೇಕಿದ್ದರೆ ಡಾಕ್ಟರನ್ನು ಕೇಳಿ ಕೊಡಿ, ಓಡಿಸುವ ನೀವು ಮಾತ್ರ ತೆಗೆದುಕೊಳ್ಳಬಾರದು, ಅವುಗಳಲ್ಲಿ ಹಲವು ನಿದ್ದೆ ಬರಿಸುತ್ತವೆ. ಇಂಬಳಕ್ಕೆ ಉಪ್ಪಿನ ಪೊಟ್ಟಣ ಇಟ್ಟುಕೊಳ್ಳಿ. ಮಂಜಿನಲ್ಲಿ ಲೈಟ್ ಡಿಮ್ ಇರಲಿ, ಹೈ ಬೀಮ್ ಹಾಕಿದರೆ ಬೆಳಕೆಲ್ಲ ಮಂಜಿಗೇ ಬಡಿದು ನಿಮ್ಮ ಕಣ್ಣಿಗೆ ವಾಪಸ್. ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಓಡಿಸುವ ಹೊಸ ಚಟ ಒಂದು ಬಂದಿದೆಯಲ್ಲ, ಅದು ನಿಂತ ಗಾಡಿಗೆ ಇರುವುದು. ಓಡುವ ಗಾಡಿಯಲ್ಲಿ ಹಾಕಿದರೆ ನೀವು ಎಡಕ್ಕೋ ಬಲಕ್ಕೋ ಅಂತ ಹಿಂದಿನವನಿಗೆ ತಿಳಿಯುವುದು ಹೇಗೆ? ಪ್ರತಿ ಕುರುಡು ತಿರುವಿಗೂ ಹಾರ್ನ್ ಹೊಡೆಯಿರಿ, ಇಲ್ಲಿ ಅದು ಒರಟುತನ ಅಲ್ಲ.

ಆಯಿಲ್ ಬದಲಿಸಿದ ಮೇಲೂ ಎಲ್ಲಾದರೂ ಪೆಡಲ್ ಮೆತ್ತಗಾದರೆ, ಹೇಳಿರುತ್ತೇನೆ. ಬೇಗ ಬೇಗ ಮೂರು ನಾಲ್ಕು ಸಲ ಪಂಪ್ ಮಾಡಿ, ಸ್ವಲ್ಪ ಹಿಡಿತ ಬರುತ್ತದೆ. ಎಂನಲ್ಲಿ ಗೇರ್ ಒಂದೊಂದೇ ಇಳಿಸಿ. ಅತಿ ವೇಗದಲ್ಲಿದ್ದರೆ ಗಾಡಿ ತಾನೇ ಒಪ್ಪುವುದಿಲ್ಲ, ಸ್ವಲ್ಪ ಬಿಟ್ಟು ಮತ್ತೆ ತಳ್ಳಿ. ಹ್ಯಾಂಡ್‌ಬ್ರೇಕಿನ ಗುಂಡಿ ಒತ್ತಿ ಹಿಡಿದುಕೊಂಡೇ ಮೆಲ್ಲಗೆ ಎಳೆಯಿರಿ, ಒಮ್ಮೆಗೇ ಎಳೆದರೆ ಹಿಂಭಾಗ ತಿರುಗಿಬಿಡುತ್ತದೆ. ಏನೂ ಆಗದಿದ್ದರೆ ಗುಡ್ಡದ ಕಡೆಯ ಚರಂಡಿ. ಬಂಪರ್ ಹೋದರೆ ಹೋಗಲಿ. ನಿಂತ ಮೇಲೆ ಕಾದ ಚಕ್ರಕ್ಕೆ ನೀರು ಎರಚಬೇಡಿ, ಡಿಸ್ಕ್ ಸೊಟ್ಟಗಾಗುತ್ತದೆ. ಟೈರಿಗೆ ಕಲ್ಲು ಕೊಟ್ಟರೆ ಹೊರಡುವಾಗ ಅದನ್ನು ಎತ್ತಿ ಬದಿಗೆ ಹಾಕಿ, ಹಿಂದೆ ಬೈಕಿನವನು ಬರುತ್ತಿರುತ್ತಾನೆ.

ಸೂರ್ಯಾಸ್ತದ ವಿಷಯ ಬಿಟ್ಟೇ ಹೋಗಿತ್ತು. ಆಗಸ್ಟ್‌ನಲ್ಲಿ ಆಗುಂಬೆಯವರಿಗೇ ಮಧ್ಯಾಹ್ನದ ಸೂರ್ಯ ಕಾಣುವುದು ಅಪರೂಪ, ನಿಮಗೆ ಸಂಜೆಯದು ಎಲ್ಲಿ ಸಿಗಬೇಕು! ವ್ಯೂ ಪಾಯಿಂಟಿನಲ್ಲಿ ಬಿಳಿ ಗೋಡೆಯಂಥ ಮಂಜು ನೋಡಿಕೊಂಡು ಕತ್ತಲಾಗುವ ತನಕ ಕಾಯುವ ಬದಲು, ನಾಲ್ಕು ಗಂಟೆಗೆಲ್ಲ ಸಿರಿಮನೆ ಬಿಟ್ಟು ಬೆಳಕಿರುವಾಗಲೇ ತೀರ್ಥಹಳ್ಳಿ ಸೇರಿಕೊಳ್ಳಿ. ಡಿಸೆಂಬರ್‌ನಲ್ಲಿ ಬಂದರೆ ಆಕಾಶ ತಿಳಿಯಾಗಿರುತ್ತದೆ, ಆಗ ನೋಡಿದರಾಯಿತು.